ತಣ್ಣನೆ ಕಾರಿನ ಗ್ಯಾಸು ಕಳ್ಳ

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಈಗಲೂ ಒಮ್ಮೊಮ್ಮೆ ನಮ್ಮ ಮನೆಗೆ ಬಂದು, ಕಾರಿನ ಎ.ಸಿ.ಯಲ್ಲಿ ಗ್ಯಾಸು ಸೋರುವ ಜಾಗ ಹುಡುಕುವುದು ಹೇಗೆ ಎಂದು ಕೇಳುತ್ತಾರೆ. ಅವರ ಕೈಯಲ್ಲಿ ಕೀಂಯ್ ಎನ್ನುವ ಯಂತ್ರ ಇರುತ್ತದೆ. ಪೈಪಿನ ಹತ್ತಿರ ಹಿಡಿದರೆ ಸೋರುವ ಕಡೆ ಅದೇ ಕೂಗಿ ಹೇಳುತ್ತದೆ. ಹಾಗಿದ್ದ ಮೇಲೆ ನನ್ನನ್ನು ಯಾಕೆ ಕೇಳುತ್ತಾರೆ? ಗ್ಯಾಸಿನ ಒತ್ತಡ ಅಳೆಯುವ ನನ್ನ ಹಳೇ ಗೇಜುಗಳ ಮೇಲೆ ಕಣ್ಣಿರಬೇಕು ಎಂದು ಮೊದಲು ಅನುಮಾನ ಬರುತ್ತದೆ. ಕಾಫಿ ಕೊಟ್ಟು ಕಳಿಸಿದ ಮೇಲೆ ಒಳಗೆ ಹೋಗಿ ಗೇಜು ಇದೆಯೋ ಇಲ್ಲವೋ ನೋಡಿಕೊಂಡು ಬರುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು. ಆದರೆ ನನ್ನದು ಹುಟ್ಟುಗುಣವಲ್ಲ, ಕಲಿತ ಗುಣ. ಅದರಿಂದ ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಬಿತ್ತು. ಹುಡುಗರಿಗೆ ಹೇಳಬೇಕಾದದ್ದು ಅದನ್ನೇ ಅನ್ನಿಸಿ ಬರೆಯುತ್ತಿದ್ದೇನೆ.

ಕೆಲಸ ಕಲಿಸಿದವರು ಬೆಂಗಳೂರಿನಲ್ಲಿದ್ದ ದೊರೆಸ್ವಾಮಿ ಮೇಸ್ತ್ರಿ. ಮೂಲದಲ್ಲಿ ನಮ್ಮ ಹೊಳೆನರಸೀಪುರದವರೇ. ಐಸ್ ಕಾರ್ಖಾನೆಯಲ್ಲಿ ಇದ್ದು, ಆಮೇಲೆ ಫ್ರಿಜ್ಜು ರಿಪೇರಿಯ ಶೆಡ್ಡು ಹಾಕಿಕೊಂಡಿದ್ದರು. ಊರಿನ ಹುಡುಗ ಎಂದು ನನ್ನನ್ನು ಇಟ್ಟುಕೊಂಡರು. ಕೈಗೆ ಬಂದದ್ದರಲ್ಲಿ ಬಾರಿಸುತ್ತಿದ್ದರು, ಆದರೆ ವಿದ್ಯೆ ಮುಚ್ಚಿಡಲಿಲ್ಲ. ಮೊದಲ ವಾರವೇ ಅವರು ಹೇಳಿದ ಮಾತು ಇದು: "ಗ್ಯಾಸು ತಾನಾಗಿ ಎಲ್ಗೂ ಓಗಲ್ಲ ಕಣ್ಲಾ ರಂಗ. ಯಾರೋ ದಾರಿ ಬುಟ್ಟಿರ್ತಾರೆ. ಆ ಬುಟ್ಟೋನ್ನ ಹುಡುಕು."

ಇನ್ನೊಂದು ಮಾತೂ ಹೇಳಿದ್ದರು. ಫ್ರಿಜ್ಜಿನಲ್ಲಾಗಲಿ ಕಾರಿನ ಎ.ಸಿ.ಯಲ್ಲಾಗಲಿ, ಮುಚ್ಚಿದ ಪೈಪಿನೊಳಗೆ ಗ್ಯಾಸು ಸುತ್ತುತ್ತಿರುತ್ತದೆ. ಸುತ್ತುವಾಗ ಯಂತ್ರದ ಎಣ್ಣೆಯನ್ನೂ ಚೂರು ಹೊತ್ತುಕೊಂಡು ಓಡಾಡುತ್ತದೆ. ಎಲ್ಲಿ ಗ್ಯಾಸು ಸೋರುತ್ತದೋ ಅಲ್ಲಿ ಎಣ್ಣೆಯೂ ಜಿನುಗಿ, ಧೂಳು ಹಿಡಿದು, ಕಪ್ಪು ಕಲೆಯಾಗುತ್ತದೆ. "ಎಣ್ಣೆ ಕಂಡ ಕಡೆ ಕಣ್ಣಿಡು" ಎಂದಿದ್ದರು. ನಾನು ಮೊದಲನೇ ಮಾತನ್ನು ತಲೆಯಲ್ಲಿಟ್ಟುಕೊಂಡೆ. ಎರಡನೆಯದು ಬೇಕಾದಾಗ ಮರೆತುಹೋಯಿತು.

ನಾನು ಎಡಚ. ತಂತಿ ತಿರುವಿದರೆ ಎಲ್ಲರದೂ ಬಲಕ್ಕೆ ಸುತ್ತಿಕೊಂಡರೆ ನನ್ನದು ಎಡಕ್ಕೆ. "ನೂರು ಜನ ಕಟ್ಟಿದ್ರೂವೆ ನೀನ್ ಕಟ್ಟಿದ್ ಗಂಟು ಕುಲ್ಡನ್ಗೂ ಗೊತ್ತಾಯ್ತದೆ ಕಣ್ಲಾ" ಎಂದು ಮೇಸ್ತ್ರಿ ನಗುತ್ತಿದ್ದರು. ಬೇರೆಯವರು ಕೆಡಿಸಿದ ಕೆಲಸ ನನ್ನ ಲೆಕ್ಕಕ್ಕೆ ಬರುವುದಿಲ್ಲವಲ್ಲ ಎಂದು ನನಗೆ ಅದರಲ್ಲೊಂದು ಹೆಮ್ಮೆಯೂ ಇತ್ತು.

ಐವತ್ತರ ದಶಕದ ನಡುವಿನಲ್ಲಿ ಹಾಸನಕ್ಕೆ ಬಂದು ನನ್ನದೇ ತಗಡಿನ ಶೆಡ್ಡು ಹಾಕಿದೆ. ಆಗ ಇಲ್ಲಿ ಇದ್ದ ಫ್ರಿಜ್ಜುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಚನ್ನರಾಯಪಟ್ಟಣದ ಒಬ್ಬ ಡಾಕ್ಟರ ಫ್ರಿಜ್ಜು ನನಗೆ ಹೆಸರು ತಂದಿತು. ಇಂಜೆಕ್ಷನ್ ಔಷಧಿಗಳೆಲ್ಲ ಬೆಚ್ಚಗಾಗುತ್ತವೆ, ಗ್ಯಾಸು ಮುಗಿದಿದೆ ನೋಡು ಎಂದು ಕರೆಸಿದ್ದರು. ಗ್ಯಾಸು ಸರಿಯಾಗಿತ್ತು. ನಾನು ಮಾತಾಡದೆ ಮಧ್ಯಾಹ್ನದವರೆಗೆ ಆಚೆ ಬೆಂಚಿನ ಮೇಲೆ ಕೂತೆ. ಡಾಕ್ಟರು ಊಟಕ್ಕೆ ಹೋದರು. ಅವರ ಕಾಂಪೌಂಡರ್ ಫ್ರಿಜ್ಜಿನ ಪ್ಲಗ್ಗು ಕಿತ್ತು ಇಸ್ತ್ರಿಪೆಟ್ಟಿಗೆ ಸಿಕ್ಕಿಸಿ, ತನ್ನ ಅಂಗಿ, ತಮ್ಮನ ಅಂಗಿ, ಭಾವಮೈದುನನ ಪಂಚೆ ಎಲ್ಲ ತಿಕ್ಕಿದ. ಎದ್ದು ಹೋಗಿ ಕೈ ಹಿಡಿದೆ. "ಅಯ್ಯೋ, ನಿಮ್ ಕಾಲಿಗ್ ಬೀಳ್ತೀನಿ, ಡಾಕ್ಟ್ರಿಗ್ ಏಳ್ಬ್ಯಾಡಿ" ಅಂದ. ಹೇಳಿದೆ. ಆವತ್ತಿನಿಂದ ಊರಲ್ಲಿ "ರಂಗಪ್ಪ ಯಂತ್ರ ನೋಡಲ್ಲ, ಮನುಷ್ಯನ್ನ ನೋಡ್ತಾನೆ" ಎಂದು ಮಾತಾಯಿತು. ಆ ಮಾತು ನನ್ನ ತಲೆಗೇರಿತು.

ಇಂಥ ಹೊತ್ತಿನಲ್ಲಿ ಧರಣೇಂದ್ರಯ್ಯನವರ ಕಾರು ಬಂತು. ಅವರು ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ. ದೊಡ್ಡ ಮನೆತನ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಶಿಸ್ತಿನವರು. ದೇಶ ಬಿಟ್ಟು ಹೋಗುತ್ತಿದ್ದ ಒಬ್ಬ ಪರದೇಶದವನಿಂದ ಬೆಂಗಳೂರಿನಲ್ಲಿ ಅಮೆರಿಕದ ಕಾರು ಕೊಂಡಿದ್ದರು. ಹಸುವಿನ ಕೊಟ್ಟಿಗೆಯಷ್ಟು ಉದ್ದ. ಅದರಲ್ಲಿ ಎ.ಸಿ. ಇತ್ತು. ಹಾಸನದ ಹವಾಕ್ಕೆ ಎ.ಸಿ. ಯಾಕೆ ಎಂದು ನೀವು ಕೇಳಬಹುದು, ಆಗ ಎಲ್ಲರೂ ಕೇಳಿದರು. ಆದರೆ ಕೊಬ್ಬರಿ ಕೊಳ್ಳಲು ತಿಪಟೂರು ಕಡೆಯಿಂದ ಬಂದ ವರ್ತಕರನ್ನು ಕೂರಿಸಿಕೊಂಡು, ಗಾಜು ಏರಿಸಿ, ತಣ್ಣನೆ ಗಾಳಿ ಬಿಟ್ಟರೆ ಅವರು ಚೌಕಾಸಿ ಮಾಡುವುದನ್ನೇ ಮರೆಯುತ್ತಿದ್ದರಂತೆ. ಅದಕ್ಕೇ ಧರಣೇಂದ್ರಯ್ಯನವರಿಗೆ ಕಾರಿನ ಇಂಜಿನ್ನಿಗಿಂತ ಎ.ಸಿ. ಮೇಲೆ ಪ್ರಾಣ. ಗ್ಯಾಸು ಮುಗಿದಿದ್ದಾಗಲೂ ಮರ್ಯಾದೆಗೆ ಗಾಜು ಇಳಿಸದೆ ಪೇಟೆ ಬೀದಿಯಲ್ಲಿ ಬೆವರು ಸುರಿಸುತ್ತ ಹೋಗುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಕಾರಿನ ಡ್ರೈವರು ನಿಂಗಯ್ಯ, ಶಾಂತಿಗ್ರಾಮದವನು. ಮೂವತ್ತರ ಒಳಗಿನ ವಯಸ್ಸು, ಮಾತು ಕಡಿಮೆ. ಮಾತು ಕಡಿಮೆ ಇರುವವರ ಮೇಲೆ ನನಗೆ ಮೊದಲಿಂದಲೂ ಒಂದು ಕಣ್ಣು.

ಆ ವರ್ಷ ಆಯುಧಪೂಜೆಯ ದಿನ ಕಾರು ಬೆಲ್ಟು ಬದಲಿಸಲು ನನ್ನ ಶೆಡ್ಡಿನಲ್ಲಿತ್ತು. ಶೆಡ್ಡಿನಲ್ಲಿರುವ ಸುತ್ತಿಗೆ ಇಕ್ಕಳಕ್ಕೆಲ್ಲ ಕುಂಕುಮ ಇಟ್ಟು ಅಷ್ಟು ದೊಡ್ಡ ಕಾರನ್ನು ಬಿಡುವುದು ಹೇಗೆ? ಧರಣೇಂದ್ರಯ್ಯನವರು ಮೊದಲೇ ಹೇಳಿದ್ದರು: "ನೋಡು ರಂಗಪ್ಪ, ನಿಂಬೆಹಣ್ಣು, ಮೆಣಸಿನಕಾಯಿ ಎಲ್ಲ ಕಟ್ಟಿ ಕಾರನ್ನ ಜಟಕಾಗಾಡಿ ಮಾಡಬೇಡ." ನನಗೆ ಸಮಾಧಾನ ಆಗಲಿಲ್ಲ. ಇಡೀ ಜಿಲ್ಲೆಯ ಕಣ್ಣು ಬೀಳುವ ಕಾರು. ಒಂದು ನಿಂಬೆಹಣ್ಣು, ಎರಡು ಮೆಣಸಿನಕಾಯಿ, ಒಂದು ಚೂರು ಇದ್ದಿಲು ಪೋಣಿಸಿ, ಮುಂದಿನ ಜಾಲರಿಯ ಹಿಂದೆ ಯಾರಿಗೂ ಕಾಣದ ಹಾಗೆ ಕೈ ತೂರಿಸಿ, ಸಿಕ್ಕಿದ್ದಕ್ಕೆ ಕಟ್ಟಿಬಿಟ್ಟೆ. ಕೈ ಮುಗಿದೆ. ಆಮೇಲೆ ಅದನ್ನು ಮರೆತೇಬಿಟ್ಟೆ.

ಧನುರ್ಮಾಸದಲ್ಲಿ ಕಾರು ಬಂತು. ಗ್ಯಾಸು ಪೂರ್ತಿ ಹೋಗಿತ್ತು. ಸೋರಿಕೆ ಹುಡುಕಲು ಆಗ ನನ್ನ ಹತ್ತಿರ ಇದ್ದದ್ದು ಅಂಟುವಾಳದ ನೊರೆ. ಕಾಯಿ ನೆನೆಸಿ ಕಿವುಚಿ, ಆ ನೊರೆಯನ್ನು ಪೈಪಿನ ಜೋಡಣೆಗಳಿಗೆಲ್ಲ ಹಚ್ಚಿ ಗುಳ್ಳೆ ಏಳುತ್ತದೆಯೋ ನೋಡುವುದು. ಸೋಪಿಗಿಂತ ಅದು ಚೆನ್ನಾಗಿ ನಿಲ್ಲುತ್ತಿತ್ತು. ಎಲ್ಲೂ ಗುಳ್ಳೆ ಏಳಲಿಲ್ಲ. ಗ್ಯಾಸು ತುಂಬಿ ಕಳಿಸಿದೆ. ಶಿವರಾತ್ರಿ ಹೊತ್ತಿಗೆ ಮತ್ತೆ ಬಂತು. ಮತ್ತೆ ನೊರೆ, ಮತ್ತೆ ಗುಳ್ಳೆ ಇಲ್ಲ. ಯಂತ್ರದಲ್ಲಿ ತಪ್ಪಿಲ್ಲ ಎಂದ ಮೇಲೆ ಮನುಷ್ಯನಲ್ಲೇ ಇರಬೇಕು. ನಾನು ನಿಂಗಯ್ಯನನ್ನು ನೋಡತೊಡಗಿದೆ.

ಕಾರು ಬಿಟ್ಟ ತಕ್ಷಣ ಅವನು ಒಂದು ಖಾಕಿ ಚೀಲ ಹೆಗಲಿಗೆ ಹಾಕಿಕೊಂಡು ಮಾಯವಾಗುತ್ತಿದ್ದ. ಎರಡು ಗಂಟೆ ಬಿಟ್ಟು ಬರುವಾಗ ಕೈಯೆಲ್ಲ ಗ್ರೀಸು. ಎಲ್ಲಿಗೆ ಹೋಗಿದ್ದೆ ಎಂದರೆ "ಇಲ್ಲೇ ಮೇಸ್ತ್ರಿ" ಅನ್ನುತ್ತಿದ್ದ. ಗ್ಯಾಸು ಹೋದರೆ ತಾನೇ ಅವನಿಗೆ ಹಾಸನಕ್ಕೆ ಬರುವ ನೆಪ? ಕಂಪ್ರೆಸರಿನ ಮೇಲೆ ಗ್ಯಾಸು ತುಂಬಲು ಒಂದು ವಾಲ್ವು ಇರುತ್ತದೆ. ಅದರ ಮುಚ್ಚಳ ಬಿಚ್ಚಿ ಒತ್ತಿದರೆ ಅರ್ಧ ಗಳಿಗೆಯಲ್ಲಿ ಎಲ್ಲ ಬುಸ್ ಎಂದು ಹೋಗುತ್ತದೆ. ನಾನು ಯಾರಿಗೂ ಹೇಳದೆ ಆ ಮುಚ್ಚಳದ ಮೇಲೆ ಅರಗು ಕರಗಿಸಿ ಒಂದು ಹನಿ ಬಿಟ್ಟೆ. ಬಿಚ್ಚಿದರೆ ಒಡೆಯಬೇಕು.

ಯುಗಾದಿ ಕಳೆದು ಬಿಸಿಲು ಏರುವಾಗ ಕಾರು ಮೂರನೇ ಸಲ ಬಂತು. ಆವತ್ತು ಧರಣೇಂದ್ರಯ್ಯನವರೇ ಹಿಂದಿನ ಸೀಟಿನಲ್ಲಿದ್ದರು. ಕೆಂಡವಾಗಿದ್ದರು. ಒಬ್ಬ ದೊಡ್ಡ ವರ್ತಕ ದಾರಿಯಲ್ಲಿ ಗಾಜು ಇಳಿಸಿ ನಕ್ಕನಂತೆ. ಬಾನೆಟ್ ಎತ್ತಿ ನೋಡಿದೆ. ಅರಗು ಒಡೆದಿತ್ತು.

ಈಗ ಹೇಳುತ್ತೇನೆ, ಇಂಜಿನ್ನಿನ ಶಾಖಕ್ಕೆ, ಚನ್ನರಾಯಪಟ್ಟಣದ ರಸ್ತೆಯ ಕುಲುಕಾಟಕ್ಕೆ ಅರಗು ಒಡೆಯದೆ ಇದ್ದಿದ್ದರೆ ಅದೇ ಆಶ್ಚರ್ಯ. ಅದೂ ಅಲ್ಲದೆ ಮುಂದಿನ ಜಾಲರಿಯ ಒಳಗೆ ಒಂದು ಕಪ್ಪು ಎಣ್ಣೆಕಲೆ ಆವತ್ತೇ ನನ್ನ ಕಣ್ಣಿಗೆ ಬಿದ್ದಿತ್ತು. ನಿಂಗಯ್ಯ ಗ್ರೀಸು ಹಚ್ಚುವಾಗ ಚೆಲ್ಲಿರಬೇಕು ಎಂದುಕೊಂಡೆ. ಕಳ್ಳ ಸಿಕ್ಕಿದ್ದ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

"ನಿಂಗಯ್ಯ, ಆ ಚೀಲ ಬಿಚ್ಚು" ಎಂದೆ.

"ಯಾಕ್ ಮೇಸ್ತ್ರಿ?"

"ಬಿಚ್ಚು ಅಂದೆ."

ಅವನು ಯಜಮಾನರ ಮುಖ ನೋಡಿದ. ಅವರು ಕಣ್ಣಲ್ಲೇ ಬಿಚ್ಚು ಅಂದರು. ಪಕ್ಕದ ಸೈಕಲ್ ಅಂಗಡಿಯವರು, ಟೀ ಕುಡಿಯುತ್ತಿದ್ದವರು ಎಲ್ಲ ಸುತ್ತ ನಿಂತರು. ಚೀಲದಿಂದ ಒಂದು ಹಳೇ ಖಾಕಿ ಕೋಟು, ಒಂದು ಬುತ್ತಿ ಡಬ್ಬಿ, ಒಂದು ಸ್ಪಾನರ್ ಬಂತು. ಸ್ಪಾನರ್ ತೆಗೆದುಕೊಂಡು ಹೋಗಿ ವಾಲ್ವಿನ ಮುಚ್ಚಳಕ್ಕೆ ಹಿಡಿದೆ. ಅಳತೆ ಮಾಡಿಸಿದ ಹಾಗೆ ಕೂತಿತು.

"ಸಾವ್ಕಾರ್ರೆ, ನಾನ್ಯಾಕ್ ಗ್ಯಾಸ್ ಬುಡಾನ? ಬುಟ್ರೆ ನಂಗೇನ್ ಬತ್ತದೆ?" ಎಂದ ನಿಂಗಯ್ಯ.

"ಹಾಗಾದರೆ ಸ್ಪಾನರ್ ಯಾಕೆ? ಎರಡು ಗಂಟೆ ಎಲ್ಲಿಗೆ ಹೋಗ್ತೀಯ?" ಎಂದರು ಅವರು.

ಅವನು ತಲೆ ತಗ್ಗಿಸಿದ. ಕಾರಿನ ಬೀಗದ ಕೈ ಬಾನೆಟ್ಟಿನ ಮೇಲೆ ಇಟ್ಟು, ಚೀಲ ತುಂಬಿಕೊಂಡು, ಸ್ಪಾನರ್ ಅಲ್ಲೇ ಬಿಟ್ಟು ನಡೆದುಹೋದ. ನನಗೆ ಆವತ್ತು ಊಟ ರುಚಿಯಾಗಿತ್ತು. ಸುಳ್ಳು ಯಾಕೆ ಹೇಳಲಿ?

ಹದಿನೈದು ದಿನ ಕಳೆದಿರಬೇಕು. ಹಾಸನದ ಒಂದು ಖಾಸಗಿ ಬಸ್ ಕಂಪನಿಯ ಮ್ಯಾನೇಜರು ಶೆಡ್ಡಿಗೆ ಬಂದರು. "ನಿಂಗಯ್ಯ ಅಂತ ಒಬ್ಬನ್ನ ಡ್ರೈವರ್ ಆಗಿ ತಗೋಬೇಕು ಅಂತಿದ್ವಿ. ಎಷ್ಟೋ ತಿಂಗಳಿಂದ ರಜಾ ದಿನಾನೂ ಬಿಡದೆ ನಮ್ಮ ಗ್ಯಾರೇಜಿಗೆ ಬಂದು, ಬಿಟ್ಟಿ ಕೆಲಸ ಮಾಡಿಕೊಟ್ಟು, ಬಸ್ ಓಡಿಸೋದು ಕಲಿತ. ದೊಡ್ಡ ಗಾಡಿ ಲೈಸೆನ್ಸೂ ಆಯ್ತು. ಯಜಮಾನರಿಂದ ಕಾಗದ ತಾ ಅಂದ್ರೆ ತರ್ತಿಲ್ಲ. ನಿಮಗೆ ಗೊತ್ತಿರೋ ಹಾಗೆ ಮನುಷ್ಯ ಹೇಗೆ?" ಎಂದು ಕೇಳಿದರು.

ಎರಡು ಗಂಟೆ ಎಲ್ಲಿಗೆ ಹೋಗುತ್ತಿದ್ದ ಎಂಬುದು ನನ್ನ ಎದುರಿಗೇ ಬಂದು ನಿಂತಿತ್ತು. ಬೇರೆ ಕೆಲಸ ಹುಡುಕುತ್ತಿದ್ದಾನೆ ಎಂದು ಯಜಮಾನರಿಗೆ ಗೊತ್ತಾದರೆ ಇದ್ದದ್ದೂ ಹೋಗುತ್ತದೆ ಎಂದು ಬಾಯಿ ಬಿಟ್ಟಿರಲಿಲ್ಲ. ಅಷ್ಟು ಗೊತ್ತಾದ ಮೇಲೂ ನನ್ನ ಬುದ್ಧಿಗೆ ಹೊಳೆದದ್ದೇನು? ಹಾಗಾದರೆ ಆ ಸ್ಪಾನರ್ ಇವರ ಗ್ಯಾರೇಜಿನಿಂದ ಕದ್ದದ್ದು! "ಕೈ ಶುದ್ಧ ಇಲ್ಲ" ಎಂದೆ. ಮ್ಯಾನೇಜರು ನಮಸ್ಕಾರ ಹೇಳಿ ಹೋದರು. ಮೂರು ಪದ. ಸಿಲಿಂಡರ್ ವಾಲ್ವು ತಿರುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಅದೇ ವರ್ಷ ಮದರಾಸಿನಿಂದ ಒಂದು ದೀಪ ತರಿಸಿಕೊಂಡೆ. ನಮ್ಮ ಕಡೆ ಅದೇ ಮೊದಲು. ಸಣ್ಣ ಉರಿ, ಅದಕ್ಕೆ ಒಂದು ರಬ್ಬರು ಕೊಳವೆ. ಕೊಳವೆಯ ಬಾಯಿಯನ್ನು ಪೈಪಿನ ಉದ್ದಕ್ಕೂ ಹಿಡಿದುಕೊಂಡು ಹೋದರೆ, ಗ್ಯಾಸು ಸೋರುವ ಜಾಗ ಬಂದಾಗ ನೀಲಿ ಉರಿ ಹಸಿರಾಗುತ್ತದೆ. ಅಂಟುವಾಳ ತೋರದ್ದನ್ನೂ ಅದು ತೋರುತ್ತಿತ್ತು. ಆದರೆ ಅದರ ಹೊಗೆ ಕೆಟ್ಟದ್ದು, ಗಂಟಲು ಹಿಡಿಯುತ್ತಿತ್ತು. ಈಗ ಯಾರೂ ಅದನ್ನು ಬಳಸುವುದಿಲ್ಲ, ಬಳಸಲೂಬಾರದು.

ಶ್ರಾವಣದಲ್ಲಿ ಹೊಸ ಡ್ರೈವರು ಕಾರು ತಂದ. ನಿಂಗಯ್ಯ ಹೋದ ದಿನ ನಾನು ತುಂಬಿದ್ದ ಗ್ಯಾಸು ಮತ್ತೆ ಹೋಗಿತ್ತು. ಮಳೆಗಾಲವಾದ್ದರಿಂದ ಕಾರು ಹೆಚ್ಚು ಓಡದೆ ಇಷ್ಟು ದಿನ ತಡೆದಿತ್ತು. ನನಗೆ ಮೊದಲು ಬಂದ ಯೋಚನೆ, ನಿಂಗಯ್ಯ ಹಗೆ ಇಟ್ಟುಕೊಂಡು ಕಳ್ಳತನದಲ್ಲಿ ಬಂದು ಬಿಟ್ಟು ಹೋಗಿದ್ದಾನೆ ಎಂದು! ಆದರೂ ಹೊಸ ದೀಪದ ಉಮೇದು. ಒಂದಿಷ್ಟು ಗ್ಯಾಸು ತುಂಬಿ, ದೀಪ ಹಚ್ಚಿ, ಕೊಳವೆ ಹಿಡಿದು ಹೊರಟೆ. ಕಂಪ್ರೆಸರಿನಲ್ಲಿ ನೀಲಿ. ವಾಲ್ವಿನಲ್ಲಿ ನೀಲಿ. ಮುಂದಿನ ಜಾಲರಿಯ ಹಿಂದೆ, ಆ ಎಣ್ಣೆಕಲೆಯ ಹತ್ತಿರ ಬಂದಾಗ ಉರಿ ಪಚ್ಚೆಹಸಿರಾಯಿತು.

ಜಾಲರಿ ಬಿಚ್ಚಿದೆ. ತಾಮ್ರದ ಪೈಪು ತಿರುಗುವ ಕಡೆ ಗೋಲಿಯಷ್ಟು ಒಣಗಿ ಕರ್ರಗಾದ ಒಂದು ನಿಂಬೆಹಣ್ಣು ತೂಗುತ್ತಿತ್ತು. ಅದನ್ನು ಪೈಪಿಗೆ ಬಿಗಿದಿದ್ದದ್ದು ಕಬ್ಬಿಣದ ತಂತಿ. ದಾರವಾದರೆ ಶಾಖಕ್ಕೆ ಹೋದೀತು ಎಂದು ತಂತಿ. ಕಾರು ಅದುರಿದಾಗಲೆಲ್ಲ ಆ ತಂತಿ ತಾಮ್ರವನ್ನು ತಿಕ್ಕಿ ತಿಕ್ಕಿ, ಸೂಜಿಮೊನೆಯಷ್ಟು ತೂತು ಮಾಡಿತ್ತು. ಯಾವ ಅವಿವೇಕಿ ಕಟ್ಟಿದನೋ ಎಂದು ತಂತಿಯ ತುದಿ ಹಿಡಿದು ಬಿಚ್ಚಲು ನೋಡಿದೆ.

ಗಂಟು ಎಡಕ್ಕೆ ಸುತ್ತಿತ್ತು.

ನೆಲದ ಮೇಲೆ ಕೂತುಬಿಟ್ಟೆ. ಹೊಸ ಡ್ರೈವರು "ಏನ್ ಸಾ, ಹೊಗೆ ಕುಡುದ್ರಾ?" ಎಂದು ನೀರು ತಂದ. ದಾರಿ ಬಿಟ್ಟವನನ್ನು ಹುಡುಕು ಎಂದಿದ್ದರು ಮೇಸ್ತ್ರಿ. ಹುಡುಕಿದ್ದೆ. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿಲ್ಲ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ. ಪೈಪಿಗೆ ಬೆಸುಗೆ ಹಾಕಿ, ಕಾರು ಕಳಿಸಿ, ತಂತಿಯನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಆದರೆ ಪೆಟ್ಟಿಗೆ ತೆಗೆದಾಗಲೆಲ್ಲ ಅದೇ ಕಣ್ಣಿಗೆ ಬೀಳುತ್ತಿತ್ತು. ಎಂಟನೇ ದಿನ ಚನ್ನರಾಯಪಟ್ಟಣಕ್ಕೆ ಹೋದೆ. ಧರಣೇಂದ್ರಯ್ಯನವರು ಸಂಜೆಯ ಊಟ ಮುಗಿಸಿ ಕೈ ತೊಳೆಯುತ್ತಿದ್ದರು, ಬಿಸಿಲು ಇನ್ನೂ ಅಂಗಳದಲ್ಲಿತ್ತು. ತಂತಿ ತೋರಿಸಿ ಎಲ್ಲ ಹೇಳಿದೆ.

ಅವರು ತಂತಿಯನ್ನು ತಿರುಗಿಸಿ ನೋಡಿದರು. "ಕಟ್ಟಬೇಡ ಅಂದಿದ್ದೆ" ಎಂದರು. ಆಮೇಲೆ, "ಹೋದದ್ದು ಹೋಯ್ತು. ಡ್ರೈವರು ಹೋದ, ಹೊಸಬ ಬಂದ. ನಿನ್ನ ಕೈ ತಪ್ಪು ಅಂತ ಊರಿಗೆ ಗೊತ್ತಾದರೆ ನಾಳೆ ಯಾರು ನಿನ್ನ ಶೆಡ್ಡಿಗೆ ಬರ್ತಾರೆ? ಸುಮ್ಮನಿರು."

"ಅವನಿಗೆ ಒಂದು ಕಾಗದ ಬರೆದುಕೊಡಿ ಸಾರ್. ಬಸ್ಸಿನವರು ಅದಕ್ಕೇ ಕಾಯ್ತಿದ್ದದ್ದು."

"ಒಳ್ಳೆಯವನು ಅಂತ ಬರೆಯೋಣ, ಬಿಡು."

"ಅಷ್ಟು ಸಾಲದು. ಗ್ಯಾಸು ಹೋದದ್ದು ಮೆಕ್ಯಾನಿಕ್ಕಿನ ತಪ್ಪಿಂದ, ಡ್ರೈವರಿಂದ ಅಲ್ಲ ಅಂತ ಬರೀಬೇಕು."

ನನ್ನ ತಪ್ಪು ಬರೆದರೆ ಅದನ್ನು ನಂಬಿದ ತಮ್ಮ ತಪ್ಪೂ ಬರೆದ ಹಾಗೆ ಎಂದು ಅವರಿಗೆ ಗೊತ್ತಿತ್ತು. ಕೊನೆಗೆ ಬರೆದರು. ದುಂಡಗಿನ ಅಕ್ಷರ, ಕೆಳಗೆ ಅವರ ಕೊಬ್ಬರಿ ಮಂಡಿಯ ಮೊಹರು. ಆ ಕಾರು ಮತ್ತೆ ನನ್ನ ಶೆಡ್ಡಿಗೆ ಬರಲಿಲ್ಲ.

ಮೊದಲು ಆ ಮ್ಯಾನೇಜರ ಹತ್ತಿರ ಹೋಗಿ ಆಡಿದ ಮಾತು ವಾಪಸು ತೆಗೆದುಕೊಂಡೆ. ಅವರು "ಎಂಥಾ ಮನುಷ್ಯರಯ್ಯಾ ನೀವು" ಎಂದಷ್ಟೇ ಹೇಳಿದರು. ನಿಂಗಯ್ಯ ಅರಕಲಗೂಡಿನ ಹತ್ತಿರ ಹೆಂಡತಿಯ ತವರಿನಲ್ಲಿ ಇದ್ದಾನೆಂದು ಅವರಿಂದಲೇ ಗೊತ್ತಾಯಿತು. ಹುಡುಕಿಕೊಂಡು ಹೋದಾಗ ಅವನು ರಾಮನಾಥಪುರದ ದಾರಿಯಲ್ಲಿ ಒಂದು ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಒಟ್ಟುತ್ತಿದ್ದ. ಸೊಪ್ಪು ಬೇಯಿಸುವ ಆ ಮಣ್ಣಿನ ಗೂಡಿನ ಮುಂದೆ ನಾನು ಒಂದು ನಿಮಿಷ ನಿಲ್ಲಲಾರದೆ ಹೋದೆ. ತಣ್ಣನೆ ಕಾರಿನಲ್ಲಿ ಕೂತಿದ್ದವನನ್ನು ತಂದು ಅಲ್ಲಿ ನಿಲ್ಲಿಸಿದವನು ನಾನು.

ಕಾಗದ ಕೊಟ್ಟೆ. ಅವನು ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ತಪ್ಪಾಯ್ತು ನಿಂಗಯ್ಯ" ಎಂದೆ.

"ನೀವ್ ಬಂದ್ ಏಳಿದ್ದು ಸರಿ ಮೇಸ್ತ್ರಿ" ಎಂದ. "ಕೆಲ್ಸ ಓದ್ರೆ ಇನ್ನೊಂದ್ ಸಿಕ್ತದೆ. ಐದ್ ತಿಂಗ್ಳು ಅತ್ತೆ ಮನೇಲಿ ತಟ್ಟೆ ಮುಂದೆ ಕೂತ್ರೆ, ಇವ್ನ್ ಏನ್ ಕದ್ದಿದ್ನೋ ಅನ್ನೋ ಅಂಗೆ ನೋಡೋರು. ಅಷ್ಟ್ ಜನದ್ ಮುಂದೆ ಚೀಲ ಬಿಚ್ಚಿಸ್ಬುಟ್ರಲ್ಲ, ಅದೇ ಕಣ, ಅದೇ ಮನಸ್ನಿಂದ ಓಯ್ತಾ ಇಲ್ಲ."

ಸ್ಪಾನರ್ ತಂದಿದ್ದೆ, ಅದನ್ನೂ ಕೊಟ್ಟೆ. ಗ್ಯಾರೇಜಿನ ಮೇಸ್ತ್ರಿಯೊಬ್ಬರು ಅವನಿಗೆ ಮೆಚ್ಚಿ ಕೊಟ್ಟದ್ದಂತೆ ಅದು.

ದೀಪಾವಳಿ ಹೊತ್ತಿಗೆ ನಿಂಗಯ್ಯ ಹಾಸನದಿಂದ ಹೊಳೆನರಸೀಪುರ, ಅರಕಲಗೂಡು ಸುತ್ತಿ ರಾಮನಾಥಪುರಕ್ಕೆ ಹೋಗುವ ಬಸ್ಸಿಗೆ ಡ್ರೈವರಾದ. ಒಂದು ದಿನ ಹೊಳೆನರಸೀಪುರಕ್ಕೆ ಒಂದು ಫ್ರಿಜ್ಜಿನ ಕೆಲಸಕ್ಕೆ ಹೋಗಬೇಕಾಗಿ ಅದೇ ಬಸ್ಸು ಹತ್ತಿದೆ. ಬಸ್ಸು ತುಂಬ ಜನ. ಮುಂದೆ ಗಾಜಿನ ಮೇಲೆ ಒಂದು ನಿಂಬೆಹಣ್ಣು ತೂಗುತ್ತಿತ್ತು, ಹತ್ತಿಯ ದಾರದಲ್ಲಿ. ಹೆಗಲಲ್ಲಿ ನನ್ನ ಸಾಮಾನಿನ ಚೀಲ. ನಿಂಗಯ್ಯ ತಿರುಗಿ ನೋಡಿದ. ಇಂಜಿನ್ ಆರಿಸಿದ.

"ಚೀಲ ಬಿಚ್ಚಿ ಮೇಸ್ತ್ರಿ" ಎಂದ.

ಕಂಡಕ್ಟರು ಏನಾಯಿತೆಂದು ಹಿಂದಿನಿಂದ ಇಣುಕಿದ. ನಾನು ಚೀಲ ಇಳಿಸಿ, ಬಾಯಿ ಬಿಚ್ಚಿ, ಒಂದೊಂದೇ ಸಾಮಾನು ಎತ್ತಿ ತೋರಿಸಿದೆ. ಇಕ್ಕಳ, ಗೇಜು, ದೀಪ, ತಂತಿಯ ಸುರುಳಿ. ಅವನು ಎಲ್ಲವನ್ನೂ ನೋಡಿದ. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಸರಿ. ಕೂತ್ಕಳಿ" ಎಂದು ಬಸ್ಸು ಬಿಟ್ಟ.

ಆಮೇಲೆ ಅವನು ಮತ್ತೆ ಯಾವತ್ತೂ ಕೇಳಲಿಲ್ಲ. ಆದರೆ ಅವನು ಆ ದಾರಿಯಲ್ಲಿ ಇರುವವರೆಗೂ, ಆ ಬಸ್ಸು ಹತ್ತಿದಾಗಲೆಲ್ಲ ನಾನು ಮೊದಲು ಚೀಲದ ಬಾಯಿ ಬಿಚ್ಚಿ ಅವನಿಗೆ ತೋರಿಸಿ, ಆಮೇಲೆ ಕೂರುತ್ತಿದ್ದೆ.